ಹೆಸರು ತೆಗೆದ ಕಥೆ

ಮಕ್ಕಳ ಮಾನಸಿಕ ಆರೋಗ್ಯ ಎಂಬ ಹೊಸ ಪಾಠವನ್ನು ಶಾಲೆಗೆ ತರುವ ಮುನ್ನ ಟೀಚರುಗಳಿಗೆ ತರಬೇತಿ ಕೊಟ್ಟರು. ತರಬೇತಿ ಅಂದರೆ ಗೊತ್ತಲ್ಲ, ಪ್ಲಾಸ್ಟಿಕ್ ಕುರ್ಚಿ, ಕೆಟ್ಟ ಮೈಕು, ಆರಿದ ಟೀ. ವಿಜ್ಞಾನದ ಟೀಚರು ಮೂಗು ಮುರಿದುಕೊಂಡೇ ಹೋಗಿದ್ದಳು. ಡ್ರಾಯಿಂಗ್ ಟೀಚರು ಪಕ್ಕದಲ್ಲಿದ್ದಳಲ್ಲ, ಅದೊಂದೇ ಸಮಾಧಾನ. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಒಂದೇ ಮೇಜು, ಊಟವೂ ಹಂಚಿಕೊಂಡೇ. ಡ್ರಾಯಿಂಗ್ ಟೀಚರು ವಯಸ್ಸಿನಲ್ಲಿ ದೊಡ್ಡವಳೆಂದು ಇವಳು ಅವಳನ್ನು ಅಕ್ಕಾ ಎನ್ನುತ್ತಿದ್ದಳು. ಬರೀ ಬಾಯಿಮಾತಿಗಲ್ಲ, ಒಡಹುಟ್ಟಿದವಳೆಂದೇ ನಂಬಿದ್ದಳು.

ತರಬೇತುದಾರ ಎಲ್ಲರನ್ನೂ ಜೋಡಿ ಮಾಡಿ ಕೂರಿಸಿದ. "ಒಬ್ಬರು ಮನಸ್ಸಲ್ಲಿರೋದನ್ನ ಹೇಳಿ, ಇನ್ನೊಬ್ಬರು ಸುಮ್ನೆ ಕೇಳಿ. ಬುದ್ಧಿ ಹೇಳೋ ಹಾಗಿಲ್ಲ. ಇಲ್ಲಿ ಆಡಿದ್ದು ಇಲ್ಲೇ ಇರ್ಬೇಕು." ಉಳಿದವರೆಲ್ಲ ಜಾಣರು. ಪಕ್ಕದ ಮನೆಯ ನಾಯಿಯ ಕಾಟ, ಗಂಡನ ಗೊರಕೆ ಅಂತ ಏನೋ ಒಂದು ಹೇಳಿ ಪಾರಾದರು. ನಿಜ ಹೇಳಿದವಳು ವಿಜ್ಞಾನದ ಟೀಚರೊಬ್ಬಳೇ.

ಇವಳ ಮಗಳು ಪುಟ್ಟಿ ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡ ಮೇಲೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅಳುತ್ತಿದ್ದಳು. ತಿಂದದ್ದೆಲ್ಲ ವಾಂತಿ. ಆಮೇಲೆ ಮುಖ ತೊಳೆದು, ಪೌಡರ್ ಹಚ್ಚಿಕೊಂಡು, ಏನೂ ಆಗದವಳ ಹಾಗೆ ಹೊರಡುವುದು. ಯಾಕೆಂದು ಅವಳಿಗೇ ತಿಳಿಯದು, ಶಾಲೆಯ ಗೇಟು ನೆನೆದರೆ ಉಸಿರು ಕಟ್ಟುತ್ತದಂತೆ. ತಾಯಿ ಕಾಡಿ ಬೇಡಿದ ಮೇಲೆ ಕೊನೆಗೊಂದು ದಿನ ಬಾಯಿ ಬಿಟ್ಟಿದ್ದಳು. "ಯಾರಿಗೂ ಹೇಳ್ಬೇಡಮ್ಮ. ಅಪ್ಪನಿಗೂ ಬೇಡ." ಯಾರಿಗೂ ಹೇಳಲ್ಲ ಕಂದಾ ಎಂದು ತಾಯಿ ಮಾತು ಕೊಟ್ಟಿದ್ದಳು.

ಆದರೆ ಒಬ್ಬಳೇ ಎಷ್ಟು ದಿನ ಅಂತ ಒಳಗೊಳಗೇ ಬೇಯುವುದು? ಜೋಡಿಯಾಗಿ ಕೂತಿದ್ದ ಅಕ್ಕನ ಮುಂದೆ ಎಲ್ಲ ಹೇಳಿ ಗಳಗಳನೆ ಅತ್ತಳು. ಡ್ರಾಯಿಂಗ್ ಟೀಚರು ಕೈ ಹಿಡಿದುಕೊಂಡು, ನಡುವೆ ಬಾಯಿ ಹಾಕದೆ ಕೇಳಿದಳು. "ನನ್ನ ಹೊಟ್ಟೇಲೇ ಇರುತ್ತೆ ಕಣೇ, ಹೆದರ್ಬೇಡ" ಎಂದಳು. ಜೀವ ಎಷ್ಟು ಹಗುರಾಯಿತು ಅಂತೀರಿ!

ಶಾಲೆಯಲ್ಲಿ ಪಾಠ ಶುರುವಾಯಿತು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು, ಅದು ಈ ತರಬೇತಿಯ ಕ್ರಮ. ಒಂಬತ್ತನೇ ತರಗತಿ ಡ್ರಾಯಿಂಗ್ ಟೀಚರ ಪಾಲಿಗೆ ಬಂತು, ನೋಡುವ ಕೆಲಸ ವಿಜ್ಞಾನದ ಟೀಚರದು. ತರಬೇತುದಾರನೂ ಬಂದು ಕಿಟಕಿಯ ಪಕ್ಕ ನಿಂತಿದ್ದ. ನಿಜವಾದ ಘಟನೆಯಿಂದಲೇ ಶುರುಮಾಡಿ, ಹೆಸರು ಮಾತ್ರ ತೆಗೆದುಬಿಡಿ ಎಂದು ಹೇಳಿಕೊಟ್ಟಿದ್ದವನೂ ಅವನೇ.

"ಒಬ್ಬಳು ಹುಡುಗಿ ಇದ್ದಾಳೆ," ಎಂದಳು ಡ್ರಾಯಿಂಗ್ ಟೀಚರು, ದನಿ ಇಳಿಸಿ. "ನಿಮ್ಮದೇ ವಯಸ್ಸು. ಬೆಳಿಗ್ಗೆ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಕೊಂಡು..."

ವಿಜ್ಞಾನದ ಟೀಚರು ಹಿಂದಿನ ಬೆಂಚಿನಿಂದ ಅರ್ಧಕ್ಕೆ ಎದ್ದಳು. ಅಯ್ಯೋ, ನಿಲ್ಲಿಸೇ ಮಾರಾಯ್ತಿ! ಆದರೆ ಎದ್ದು ಕೂಗಿದರೆ ಆ ಹುಡುಗಿ ಯಾರೆಂದು ಇಡೀ ತರಗತಿಗೆ ಡಂಗುರ ಸಾರಿದಂತೆ. ಹಾಗೇ ಮೆಲ್ಲಗೆ ಕೂತಳು. ಆ ಪುಣ್ಯಾತ್ಗಿತ್ತಿ ವಾಂತಿಯನ್ನೂ ಬಿಡಲಿಲ್ಲ, ಪೌಡರನ್ನೂ ಬಿಡಲಿಲ್ಲ. ಎರಡನೇ ಬೆಂಚಿನಲ್ಲಿದ್ದ ಪುಟ್ಟಿ ತಲೆ ತಗ್ಗಿಸಲಿಲ್ಲ, ಅಳಲೂ ಇಲ್ಲ. ನಿಧಾನವಾಗಿ ಹಿಂದಕ್ಕೆ ತಿರುಗಿ ತಾಯಿಯನ್ನು ನೋಡಿದಳು.

"ಈಗ ಹೇಳಿ ಮಕ್ಕಳೇ, ಆ ಹುಡುಗಿ ಏನ್ಮಾಡ್ಬೇಕು?"

"ಅವಳ ಅಮ್ಮನಿಗೆ ಹೇಳ್ಬೇಕು ಟೀಚರ್!" ಎಂದು ಮಕ್ಕಳು ಒಟ್ಟಿಗೆ ಕೂಗಿದರು.

"ಶಾಭಾಶ್!" ಡ್ರಾಯಿಂಗ್ ಟೀಚರು ಅದನ್ನೇ ಬೋರ್ಡಿನ ಮೇಲೆ ದುಂಡಗೆ ಬರೆದಳು. ತರಬೇತುದಾರ ಚಪ್ಪಾಳೆ ತಟ್ಟಿದ, ಮಕ್ಕಳೂ ತಟ್ಟಿದರು. ಪುಟ್ಟಿಯೂ ತಟ್ಟಬೇಕಾಯಿತು.

ಗಂಟೆ ಹೊಡೆದದ್ದೇ ತಡ, ವಿಜ್ಞಾನದ ಟೀಚರು ಡ್ರಾಯಿಂಗ್ ಟೀಚರನ್ನು ವರಾಂಡಕ್ಕೆ ಎಳೆದಳು.

"ಏನಕ್ಕಾ ಇದು? ಎಂಥಾ ಕೆಲಸ ಮಾಡ್ಬಿಟ್ಟೆ? ನನ್ನ ಮಗು ಅಲ್ಲೇ ಕೂತಿತ್ತಲ್ಲ!"

"ನಾನೇನು ಹೆಸರು ಹೇಳಿದ್ನಾ? ಯಾರಿಗೂ ಗೊತ್ತಾಗಿಲ್ಲ ಕಣೇ."

"ಅವಳಿಗೆ ಗೊತ್ತಾಯ್ತಲ್ಲ!"

ಡ್ರಾಯಿಂಗ್ ಟೀಚರು ಮುಖ ಸಪ್ಪಗೆ ಮಾಡಿಕೊಂಡಳು. "ನನ್ನ ಮೇಲೆ ಯಾಕೆ ರೇಗ್ತೀಯ? ನೀನು ಹೇಳಿದ್ದನ್ನೇ ತಾನೇ ನಾನು ಹೇಳಿದ್ದು?" ಅಷ್ಟರಲ್ಲಿ ತರಬೇತುದಾರ ಒಳಗಿಂದ ಕರೆದ. ಮುಂದಿನ ತರಬೇತಿಯಲ್ಲಿ ಇದನ್ನೇ ಮಾದರಿ ಪಾಠ ಮಾಡಿಸುತ್ತಾನಂತೆ. ಅವಳು ಕೂದಲು ಸರಿಮಾಡಿಕೊಂಡು ಹೋದಳು.

ವಿಜ್ಞಾನದ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ನಂಬಿಸಿ ಕತ್ತು ಕೊಯ್ದಳಲ್ಲ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದಳು, ಬಾಯಿಗೆ ಬಂದದ್ದೆಲ್ಲ ಬೈದಳು. ನೀನು ಹೇಳಿದ್ದನ್ನೇ ತಾನೇ ಎಂಬ ಆ ಒಂದು ಮಾತು ಮಾತ್ರ ಮನೆಯ ಬಾಗಿಲವರೆಗೂ ಜೊತೆಗೇ ಬಂತು.

ಮನೆಯಲ್ಲಿ ಪುಟ್ಟಿ ಮೇಜಿನ ಮುಂದೆ ಕೂತು ಲೆಕ್ಕ ಮಾಡುತ್ತಿದ್ದಳು. ತಾಯಿ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ತಪ್ಪಾಯ್ತು ಪುಟ್ಟಿ. ನನ್ನನ್ನ ಬೈಯಮ್ಮ, ಕೂಗಾಡು. ಮನಸ್ಸಲ್ಲಿ ಏನಿದೆಯೋ ಎಲ್ಲಾ ಹೇಳ್ಬಿಡು. ನಾನು ಸುಮ್ನೆ ಕೇಳಿಸ್ಕೋತೀನಿ."

ಪುಟ್ಟಿ ಪೆನ್ನು ಕೆಳಗಿಟ್ಟು ತಾಯಿಯ ಮುಖ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಕೇಳಿಸ್ಕೊಂಡು, ಆಮೇಲೆ ಯಾರಿಗೆ ಹೇಳ್ತೀಯಮ್ಮ?"