ಸಮುದ್ರದ ಪುಟದ ಇಂಚು

ಕಂಪನಿಯ ಪತ್ರದಲ್ಲಿ ಎರಡು ಅಂಕಿಗಳಿದ್ದವು. ಮೂವತ್ತು ಡಿಗ್ರಿ ದಕ್ಷಿಣ, ಎಂಬತ್ತು ಡಿಗ್ರಿ ಪೂರ್ವ. ಜುಲೈ ಒಂದರಂದು ನನ್ನ ಮಗ ತನ್ವೀರನ ಹಡಗು ಮುಳುಗಿದ್ದು ಅಲ್ಲಿ. ಅವನು ಅದರ ಇಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವವನಾಗಿದ್ದ. ಹತ್ತು ದಿನ ಹುಡುಕಿದರಂತೆ. ಖಾಲಿ ರಬ್ಬರ್ ದೋಣಿಯೊಂದು ಸಿಕ್ಕಿತಂತೆ. ಯಾರೂ ಉಳಿದಿರಲಾರರು ಎಂದು ಬರೆದಿದ್ದರು.

ಮುಂಬೈ ಪರೇಲಿನ ನಮ್ಮ ಚಾಳಿನಲ್ಲಿ ಆ ಅಂಕಿಗಳನ್ನು ಅಟ್ಲಾಸಿನಲ್ಲಿ ಹುಡುಕಬಲ್ಲವಳು ನಾನೊಬ್ಬಳೇ. ಐವತ್ತೆರಡನೇ ವಯಸ್ಸಿಗೆ ಕನ್ನಡ ರಾತ್ರಿ ಶಾಲೆಗೆ ಸೇರಿ, ಐವತ್ತೇಳಕ್ಕೆ ಹತ್ತನೇ ಇಯತ್ತೆ ಪಾಸಾದವಳು ನಾನು. ಹಿಂದೂ ಮಹಾಸಾಗರದ ಪ್ರಶ್ನೆಗೆ ಐದಕ್ಕೆ ಐದು ಬಂದಿತ್ತು. ಜಗತ್ತಿನಲ್ಲಿ ಮೂರನೆಯ ದೊಡ್ಡ ಸಾಗರ, ಸುಮಾರು ಏಳು ಕೋಟಿ ಚದರ ಕಿಲೋಮೀಟರ್. ಉತ್ತರದಲ್ಲಿ ಏಷ್ಯಾ ಅಡ್ಡ ನಿಂತಿದೆ, ದಕ್ಷಿಣದಲ್ಲಿ ಅಂಟಾರ್ಕ್ಟಿಕಾದವರೆಗೆ ತೆರೆದೇ ಇದೆ. ನಮ್ಮ ದೇಶದ ಹೆಸರಿನ ಸಾಗರ ಎಂದು ಕೊನೆಗೆ ಒಂದು ಸಾಲು ನಾನೇ ಸೇರಿಸಿದ್ದೆ.

ಹೊಲಿಗೆ ಮಿಶನ್ನಿನ ಮೇಲೆ ಅಟ್ಲಾಸ್ ಹರಡಿ, ಕೊರಳಲ್ಲಿದ್ದ ಟೇಪಿನಿಂದ ಅಳೆದೆ. ಮುಂಬೈಯಿಂದ ನಮ್ಮ ವಿಜಯಪುರಕ್ಕೆ ಒಂದು ಇಂಚು ಎಂಬುದು ಭಾರತದ ಪುಟದಿಂದ ನನಗೆ ಬಾಯಿಪಾಠವಾಗಿತ್ತು. ಸಮುದ್ರದ ಪುಟದಲ್ಲಿ, ಹಡಗು ಮುಳುಗಿದ ಜಾಗದಿಂದ ಹತ್ತಿರದ ದ್ವೀಪದ ಚುಕ್ಕೆಗೆ ಅರ್ಧ ಇಂಚಿಗಿಂತ ಚೂರು ಹೆಚ್ಚು.

"ಇಲ್ಲಿಂದ ಸಾತಾರಾದಷ್ಟ ದೂರ ನೋಡು, ಊರ ದಾರಿಯ ಅರ್ಧ," ಅಂದೆ ಸೊಸೆ ಮುಬೀನಾಗೆ. "ಹಲಗಿ ಹಿಡಕೊಂಡ್ರೂ ತೇಲಿ ಹೋಗಬಹುದು."

ಅವಳು ಆ ಮಾತನ್ನು ಹಿಡಿದುಕೊಂಡಳು. ನಮ್ಮಲ್ಲಿ ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಹೊರಗೆ ತಿರುಗುವಂತಿಲ್ಲ, ಸಿಂಗಾರವಿಲ್ಲ. ಮುಬೀನಾ ಕೂರಲಿಲ್ಲ. ತನ್ವೀರ ತಂದುಕೊಟ್ಟ ಗಿಳಿಹಸಿರು ದುಪಟ್ಟಾ ಹೊದ್ದು ದಿನಾ ಲೋಕಲ್ ರೈಲು ಹಿಡಿದು, ವಿಲೆ ಪಾರ್ಲೆಯಲ್ಲಿ ವಿಮಾನದ ಊಟ ಕಟ್ಟುವ ಕೆಲಸಕ್ಕೆ ಹೋದಳು.

ನನ್ನ ತಮ್ಮ ಅಬ್ದುಲ್ ಆಗಸ್ಟಿನಲ್ಲಿ ಬಂದು ಚಹಾ ಮುಟ್ಟದೆ ಕೂತ.

"ಆಪಾ, ಹತ್ತನೇ ಪಾಸಾದಾಕಿ ನೀ, ಜಹಾಜಿನ ಕ್ಯಾಪ್ಟನ್ ಅಲ್ಲ. ಹುಡುಗೀನ್ನ ಕೂಡಸು. ಮೌಲಾನಾ ಸಾಬರನ್ನ ಕೇಳಿ ಬಂದೀನಿ. ಇದ್ದತ್ತಿನ ದಿನಾ ಸತ್ತ ದಿನದಿಂದನ ಓಡ್ತಾವ, ಹೆಂಡತಿಗೆ ಗೊತ್ತಿರಲಿ ಬಿಡಲಿ."

"ಸತ್ತಾರಂತ ಯಾರ್ ನೋಡ್ಯಾರ, ಮಾಮೂ?" ಒಳಗಿನಿಂದ ಮುಬೀನಾ ಕೇಳಿದಳು.

"ಕಂಪನಿಯವರು ಬರದಾರಲ್ಲ!"

"ಅವರು ಬರೇ ಬರದಾರ. ಅಮ್ಮೀ ಟೇಪ್ ಹಿಡದು ಅಳದಾರ."

ಅಬ್ದುಲ್ ನನ್ನ ಮುಖ ನೋಡಿದ. ನಾನು ಟೇಪು ಸುತ್ತುತ್ತಾ ಕೂತೆ. ಸುಳ್ಳೇಕೆ, ನನಗೆ ಹೆಮ್ಮೆಯೇ ಆಗಿತ್ತು.

ನವೆಂಬರ್ ಆರಂಭದ ಒಂದು ಮಧ್ಯಾಹ್ನ ಬ್ಲೌಸೊಂದರ ತೋಳು ಕತ್ತರಿಸಿ ಮುಗಿಸಿದ್ದೆ. ಮಗ ನಮ್ಮಿಂದ ಎಷ್ಟು ದೂರ ಇದ್ದಾನು, ನೋಡೋಣ ಎಂದು ಸಮುದ್ರದ ಪುಟ ತೆರೆದು ಮುಂಬೈಯಿಂದ ಟೇಪು ಇಳಿಸಿದೆ. ಕನ್ಯಾಕುಮಾರಿಯ ತುದಿ ಮುಟ್ಟುವಾಗ ಕೈ ನಿಂತಿತು. ಒಂದು ಇಂಚೂ ಆಗಿರಲಿಲ್ಲ. ಭಾರತದ ಪುಟ ತಿರುವಿ ಅದೇ ದೂರ ಅಳೆದೆ. ಮೂರೂವರೆ ಇಂಚು. ಮತ್ತೆ ಅಳೆದೆ. ಅಷ್ಟೇ.

ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಆ ಪುಟದಲ್ಲಿ ಒಂದು ಇಂಚಿಗೆ ಎಷ್ಟು ಕಿಲೋಮೀಟರ್ ಎಂಬ ಅಳತೆ ಬರೆದಿತ್ತು. ಪ್ರತಿ ಪುಟಕ್ಕೂ ಬೇರೆ ಬೇರೆ. ರಾತ್ರಿ ಶಾಲೆಯ ಮಾಸ್ತರರು ಹೇಳಿಯೇ ಇದ್ದರು; ಪರೀಕ್ಷೆಯಲ್ಲಿ ಕೇಳದ್ದರಿಂದ ಮರೆತಿದ್ದೆ. ನಲವತ್ತು ವರ್ಷ ಜನರ ಎದೆ, ಸೊಂಟ, ತೋಳು ಅಳೆದ ಕೈ ನನ್ನದು. ದಪ್ಪಗಿನವರಿಗೂ ತೆಳ್ಳಗಿನವರಿಗೂ ಇಂಚು ಒಂದೇ.

ಸಂಜೆ ಮುಬೀನಾ ಬಂದವಳೇ, "ಅಮ್ಮೀ, ಇವತ್ತ ಪಾರ್ಲೆದಾಗನ ಸೀಟ್ ಸಿಕ್ತು," ಎನ್ನುತ್ತಾ ಚಪ್ಪಲಿ ಬಿಟ್ಟಳು. ನಾನು ಕೂರಿಸಿಕೊಂಡು ಎರಡೂ ಪುಟ ತೋರಿಸಿದೆ, ಎರಡೂ ಅಳತೆ ತೋರಿಸಿದೆ.

"ಅಂದ್ರ?"

"ನಾ ಹೇಳಿದ್ದರ ನಾಕು ಪಟ್ಟು. ಒಂಬೈನೂರು ಕಿಲೋಮೀಟರ್."

"ಆ ದ್ವೀಪದಾಗ ಮಂದಿ ಇರತಾರಲ್ಲ?"

"ಊರಿಲ್ಲ, ಬೇಟಾ. ಜುಲೈದಾಗ ಆ ಕಡೆ ಥಂಡಿಗಾಲ."

"ಅಲ್ಲಿ ನೀರಿನ ಆಳಾ?"

ಅದಕ್ಕೂ ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆ. "ಸರಾಸರಿ ಮೂರು ಸಾವಿರದ ಏಳನೂರು ಮೀಟರ್."

ಅವಳು ನೀಲಿ ಪುಟದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಚಾಳಿನ ನಲ್ಲಿಗೆ ನೀರು ಬಂತು, ಕೊಡಗಳು ಸದ್ದು ಮಾಡಿದವು, ನಿಂತವು. ಆಮೇಲೆ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು.

"ಜುಲೈ ಒಂದರಿಂದ ಎಣಿಸ್ರಿ, ಅಮ್ಮೀ. ಎಷ್ಟ ದಿನ ಉಳದಾವ?"

ಚಂದ್ರನ ತಿಂಗಳ ಲೆಕ್ಕ ಹಿಡಿದು ಎಣಿಸಿದೆ. ತಪ್ಪಬಾರದೆಂದು ಮೂರು ಸಲ.

"ಆರು."

"ಬರೇ ಆರು?" ಅವಳ ದನಿ ಏರಲಿಲ್ಲ. "ನಮ್ಮ ಕೆಲಸದಾಗಿನ ರೂಪಾಲಿ ಮಗಳ ಬರ್ತ್‌ಡೇಕ್ಕ ಕುಣದಿದ್ದೆ ನಾ. ವಿಡಿಯೋ ಅದ. ಕೆಂಪ ಬಳಿ ಹಾಕ್ಕೊಂಡು ನಕ್ಕೋತ ಕುಣದೀನಿ."

ನಾನು ಅವಳ ಕೈ ಹಿಡಿಯಹೋದೆ. ಬಿಡಿಸಿಕೊಂಡಳು. ಹಸಿರು ದುಪಟ್ಟಾ ತೆಗೆದು ಮಡಿಸಿ ಟ್ರಂಕಿನ ತಳಕ್ಕೆ ಇಟ್ಟಳು. ನನ್ನ ಹಳೆಯ ಬಿಳಿ ಚಾದರ್ ಹೊದ್ದು, ಸೂಪರ್‌ವೈಸರ್ ವಿನೋದಿನಿಗೆ ಫೋನ್ ಹಚ್ಚಿದಳು. ಕೋಣೆ ಸಣ್ಣದು, ಆ ಕಡೆಯ ಮಾತೂ ಕೇಳುತ್ತಿತ್ತು.

"ಮೇಡಂ, ಆರು ದಿನ ರಜಾ ಬೇಕು. ಗಂಡ ತೀರಿಕೊಂಡಾರ."

"ಅಯ್ಯೋ ದೇವರೇ! ಯಾವಾಗ?"

"ಜುಲೈದಾಗ."

"ಜುಲೈ? ಮುಬೀನಾ, ಮತ್ತೆ ಇಷ್ಟು ದಿನ ನೀನು..."

ಮುಬೀನಾ ಫೋನನ್ನು ನನ್ನ ಕಡೆ ಚಾಚಿದಳು.