ಹೂಂಗುಟ್ಟುವವಳು

ಗಂಡ ವರ್ಡೆಲ್ ಹಾಡಿದರೆ ಹಿಂದೆ ನಿಂತು ಹೂಂಗುಟ್ಟುವುದು ನನ್ನ ಕೆಲಸವಾಗಿತ್ತು. ನಾನು ಮತ್ತು ನನ್ನ ಅಕ್ಕ ವೀನಿ, ಇಬ್ಬರೇ. ವರ್ಡೆಲ್ 'ತಪ್ಪು ಮಾಡಿದೆ' ಅಂದರೆ ನಾವು 'ಹೌದು, ಮಾಡಿದೆ' ಅನ್ನಬೇಕು. ಅವನು 'ಕೇಳ್ತಿದೀರಾ' ಅಂದರೆ 'ಕೇಳ್ತಿದೀವಿ, ಹೇಳು' ಅನ್ನಬೇಕು. ಭಾನುವಾರ ಚರ್ಚಿನಲ್ಲಿ ಪಾದ್ರಿಗೂ ಹೀಗೇ ಅನ್ನುತ್ತ ಬೆಳೆದವರು ನಾವು, ಯಾರೂ ಕಲಿಸಬೇಕಾಗಿರಲಿಲ್ಲ.

ಜಾಕ್ಸನ್ನಿನಲ್ಲಿ ಮಿಸ್ಟರ್ ಗಿಲ್ಲಮ್ ಅವರ ಪೋರ್ಚ್‌ಲೈಟ್ ಕಂಪನಿ ಅಂದರೆ ಮುಂದುಗಡೆ ರೆಕಾರ್ಡ್ ಅಂಗಡಿ, ಹಿಂದುಗಡೆ ಹಾಡು ಮುದ್ರಿಸುವ ಒಂದು ಕೋಣೆ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆಲ್ಲ ಹಳೆ ಹಾಸಿಗೆ ಬಡಿದಿದ್ದರು. ಗಿಟಾರು, ಡ್ರಮ್ಮು, ಆರ್ಗನ್ನು, ಹಾಡುವವರು ಎಲ್ಲರೂ ಅಲ್ಲೇ, ಎಲ್ಲವೂ ಒಂದೇ ಸಲಕ್ಕೆ. ಒಬ್ಬರು ಕೆಮ್ಮಿದರೂ ಮತ್ತೆ ಮೊದಲಿನಿಂದ. ಟೇಪು ಮರದಲ್ಲಿ ಬಿಡುವುದಿಲ್ಲ ಎಂದು ಮಿಸ್ಟರ್ ಗಿಲ್ಲಮ್ ಆಗಾಗ ಗೊಣಗುತ್ತಿದ್ದರು.

ಹಾಡಿಗೆ ಮುಂಚೆ ಒಂದಷ್ಟು ಮಾತಾಡುವುದು ನಮ್ಮ ಕಡೆಯ ಹಾಡುಗಾರರ ಪದ್ಧತಿ. ಗಿಟಾರು ಮೆಲ್ಲಗೆ ನುಡಿಯುತ್ತಿರುತ್ತದೆ, ಹಾಡುಗಾರ ಕೇಳುವ ಹೆಂಗಸರ ಹತ್ತಿರ ಕಷ್ಟಸುಖ ತೋಡಿಕೊಳ್ಳುತ್ತಾನೆ. ಅದನ್ನು ಯಾರೂ ಬರೆದುಕೊಡುವುದಿಲ್ಲ, ಬಾಯಿಗೆ ಬಂದದ್ದೇ ಮಾತು. ಆವತ್ತಿನದು ಹೆಂಡತಿಯ ಕಣ್ಣು ತಪ್ಪಿಸಿ ಇನ್ನೊಬ್ಬಳ ಮನೆಗೆ ಹೋಗುವವನ ಹಾಡು. ವರ್ಡೆಲ್ ಕಣ್ಣು ಮುಚ್ಚಿಕೊಂಡು ಶುರುಮಾಡಿದ.

"ಮನೇಲಿ ಒಳ್ಳೇ ಹೆಂಡ್ತಿ ಇದಾಳೆ, ಇಲ್ಲ ಅನ್ನಲ್ಲ. ಆದ್ರೆ ಗುರುವಾರ ಬಂತೂಂದ್ರೆ ಈ ಕಾಲು ನನ್ನ ಮಾತು ಕೇಳಲ್ಲ ಕಣ್ರಮ್ಮ. ಹೋದ ತಕ್ಷಣ ಪೀಚ್ ಹಣ್ಣು ಹಾಕಿ ಬೇಯಿಸಿದ ಬಿಸಿಬಿಸಿ ಸಿಹಿ ಕಾಬ್ಲರ್ ತಂದು ಇಡ್ತಾಳೆ. ನೀಲಿ ಬೋಗುಣಿ, ಒಂದು ಕಡೆ ಹಿಡಿ ಮುರಿದುಹೋಗಿದೆ. ಬೋಗುಣಿ ಸಮೇತ ತೊಡೆ ಮೇಲಿಟ್ಕೊಂಡು ತಿಂತೀನಿ. ಕೇಳ್ತಿದೀರಾ?"

"ಕೇಳ್ತಿದೀವಿ, ಹೇಳು," ಅಂದೆ. ತಾಳ ತಪ್ಪಲಿಲ್ಲ.

ಒಂದು ಕಡೆ ಹಿಡಿ ಮುರಿದ ಆ ನೀಲಿ ಬೋಗುಣಿ ನನ್ನದು. ಜನವರಿಯಲ್ಲಿ ಒಡೆಸ್ಸಾ ಕ್ರಂಪ್‌ಳ ಗಂಡ ತೀರಿಕೊಂಡಾಗ ಅದರ ತುಂಬ ಮ್ಯಾಕರೋನಿ ಬೇಯಿಸಿ ಕೊಟ್ಟು ಬಂದಿದ್ದೆ. ಸಾವಾದ ಮನೆಗೆ ಊರೆಲ್ಲ ಅಡುಗೆ ಹೊರುತ್ತದೆ. ಪಾತ್ರೆ ಅದಲುಬದಲಾಗದಿರಲಿ ಎಂದು ತಳಕ್ಕೆ ಅವರವರ ಹೆಸರು ಬರೆದು ಅಂಟಿಸಿರುತ್ತೇವೆ. ನನ್ನದು ವಾಪಸ್ ಬಂದಿರಲಿಲ್ಲ. ಪಾಪ, ದುಃಖದಲ್ಲಿರುವವಳನ್ನು ಬೋಗುಣಿ ಕೊಡು ಎಂದು ಹೇಗೆ ಕೇಳುವುದು ಎಂದು ಸುಮ್ಮನಿದ್ದೆ. ಈ ಪುಣ್ಯಾತ್ಮ ವಾರವಾರವೂ ನನ್ನ ಹೆಸರನ್ನೇ ತೊಡೆಯ ಮೇಲಿಟ್ಟುಕೊಂಡು ಅವಳ ಕಾಬ್ಲರ್ ತಿನ್ನುತ್ತಿದ್ದ. ಅವನಿಗೆ ಅದು ಗೊತ್ತಿರಲಿಲ್ಲ, ಬಿಡಿ. ಮನೆಯ ಪಾತ್ರೆಯ ಗುರುತು ಹಿಡಿಯುವ ಗಂಡಸನ್ನು ನಾನಿನ್ನೂ ಕಂಡಿಲ್ಲ.

ಮಿಸ್ಟರ್ ಗಿಲ್ಲಮ್ ಆ ಟೇಪನ್ನೇ ಇಟ್ಟುಕೊಂಡರು. ನಾನು ಮನೆಗೆ ಹೋಗಿ ಮೀನು ಕರಿದು ಬಡಿಸಿದೆ. ಅವನು ತಿಂದ, ನಾನೂ ತಿಂದೆ. ಸಿಟ್ಟು ಬರಲಿಲ್ಲ, ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಇರುತ್ತದಲ್ಲ, ನಾನು ಇಡಿಯಾಗಿ ಹಾಗಿದ್ದೆ.

ಹಾಡು ಓಡಿತು. ಕೂದಲು ನೇರ ಮಾಡಿಸಿಕೊಳ್ಳಲು ಹೋದರೆ ಅಲ್ಲೂ ಅದೇ, ಮೂಲೆಯ ಹೋಟೆಲಿನ, ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯಲ್ಲೂ ಅದೇ. ಪ್ರತಿ ಶನಿವಾರ ಎಲ್ಲಾದರೂ ಕಾರ್ಯಕ್ರಮ, ಪ್ರತಿ ಕಾರ್ಯಕ್ರಮದಲ್ಲೂ ಬೋಗುಣಿ. ನಾನು ಹೂಂಗುಟ್ಟುತ್ತಲೇ ಇದ್ದೆ.

"ಅದು ನಿನ್ನ ಬೋಗುಣಿ ಅಲ್ವೇನೇ?" ಎಂದು ಒಂದು ದಿನ ವೀನಿ ಕೇಳಿಯೇಬಿಟ್ಟಳು.

"ಹೂಂ."

"ಹೂಂ ಅಂತೆ! ಅವನಿಗೂ ಹೂಂ, ನಂಗೂ ಹೂಂ. ಮೈಮೇಲೆ ಜ್ಞಾನ ಇದ್ಯಾ ನಿಂಗೆ? ಸಿಟ್ಟು ಬರಲ್ವಾ?"

"ಬರ್ತಿಲ್ಲ ಕಣಕ್ಕ. ಕಾಯ್ತಿದೀನಿ."

"ಅದೇನು ಬಸ್ಸಾ, ಕಾಯೋಕೆ? 'ನಂಗೆ ಗೊತ್ತು' ಅಂತ ಅವನ ಮುಖಕ್ಕೆ ಹೇಳು, ಗಂಟು ಕಟ್ಟು. ನನ್ನ ಮನೇಲಿ ರೂಮು ಖಾಲಿ ಬಿದ್ದಿದೆ."

ಹೇಳದೆ ಹೊರಡಲು ನನಗೆ ಮನಸ್ಸಿರಲಿಲ್ಲ. ಇಷ್ಟು ವರ್ಷ ಬಾಳಿದವನು ಒಂದೇ ಒಂದು ಸಲ ನನ್ನ ಮಾತು ಕೇಳಿಸಿಕೊಳ್ಳಲಿ, ಆಮೇಲೆ ಹೋಗುತ್ತೇನೆ ಎಂಬುದಷ್ಟೇ ನನ್ನ ಆಸೆ. ಒಂದು ಬೆಳಿಗ್ಗೆ ಧೈರ್ಯ ಮಾಡಿ, "ವರ್ಡೆಲ್, ಒಂದು ಮಾತು," ಅಂದೆ.

"ತಡಿ ಟೀನ್, ತಡಿ! ರೇಡಿಯೋದಲ್ಲಿ ನಾನು ಬರ್ತಿದೀನಿ," ಎಂದು ಅವನು ಸದ್ದು ಜಾಸ್ತಿ ಮಾಡಿದ. ರೇಡಿಯೋದಲ್ಲಿ ಅವನು ಕಾಬ್ಲರ್ ತಿಂದ. 'ಕೇಳ್ತಿದೀವಿ, ಹೇಳು' ಎಂದು ನಾನೇ ಅಂದೆ. ಹಾಡು ಮುಗಿಯುವಷ್ಟರಲ್ಲಿ ಅವನಿಗೆ ಹೊರಡುವ ಹೊತ್ತಾಗಿತ್ತು.

ಸೆಪ್ಟೆಂಬರಿನ ರಜೆಯ ದಿನ ಕ್ಯಾಂಟನ್ ಹತ್ತಿರದ ಮೈದಾನದಲ್ಲಿ ಹಾಡುವುದಿತ್ತು. ಜನ ಮಡಿಸುವ ಕುರ್ಚಿ, ಐಸಿನ ಪೆಟ್ಟಿಗೆ, ಕರಿದ ಕೋಳಿ ಎಲ್ಲ ಹೊತ್ತು ತಂದು ಮಧ್ಯಾಹ್ನದಿಂದಲೇ ಕೂತಿದ್ದರು. ಮುಂದಿನ ಸಾಲಿನಲ್ಲಿ ಒಡೆಸ್ಸಾ, ಹೊಸ ಟೋಪಿ ಹಾಕಿಕೊಂಡು. ಅವಳನ್ನು ಕಂಡರೂ ನನಗೆ ಏನೂ ಆಗಲಿಲ್ಲ. ವರ್ಡೆಲ್ ಬೋಗುಣಿಯ ಕಥೆ ಹೇಳಿ ಹೆಂಗಸರನ್ನೆಲ್ಲ ನಗಿಸಿ, "ಕೇಳ್ತಿದೀರಾ?" ಅಂದ.

ನಾನು ಮೈಕನ್ನು ಕೈಗೆ ತೆಗೆದುಕೊಂಡೆ.

"ಕೇಳಿದೀನಿ ವರ್ಡೆಲ್, ವಸಂತದಿಂದ ಕೇಳ್ತಾನೇ ಇದೀನಿ. ಆ ಬೋಗುಣಿ ನಂದು. ತಳದಲ್ಲಿ ನನ್ನ ಹೆಸರು ಅಂಟಿಸಿದೀನಿ, ಗುರುವಾರ ಹೋದಾಗ ತಿರುಗಿಸಿ ನೋಡು. ನಾನಿನ್ನು ನಿನ್ನ ಮನೇಲಿ ಇರಲ್ಲ. ಹೊರಟೆ. ನೀನು ಹಾಡ್ಕೋ."

ಅವರೆಕಾಳಿನ ದರ ಕೇಳುವವಳ ಹಾಗೆ ಹೇಳಿದೆ. ಹೆಂಗಸರೆಲ್ಲ ಎದ್ದರು, ಕುರ್ಚಿಗಳು ಉರುಳಿದವು.

"ಹಾಗೆ ಹೇಳಮ್ಮಾ!"

"ಉಗಿ ಅವನಿಗೆ, ಬಿಡಬೇಡ!"

ಡ್ರಮ್ಮಿನವನು ಒಂದು ಏಟು ಕೊಟ್ಟ, ವರ್ಡೆಲ್ ಹಾಡು ಎತ್ತಿಕೊಂಡ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಹಾಡಿರಲಿಲ್ಲ. ನಾನು ವೇದಿಕೆ ಇಳಿದು ಜನರ ನಡುವೆ ನಡೆದೆ, ವೀನಿ ನನ್ನ ಹಿಂದೆ. ದಾರಿ ಬಿಟ್ಟವರೆಲ್ಲ ಬೆನ್ನು ತಟ್ಟಿ ನಗುತ್ತಿದ್ದರು. ಒಡೆಸ್ಸಾ ಮಾತ್ರ ನಗಲಿಲ್ಲ, ತನ್ನ ಮೊಣಕಾಲನ್ನೇ ನೋಡುತ್ತ ಕೂತಿದ್ದಳು.

ವೀನಿಯ ಕಾರಿನಲ್ಲಿ ಕೂರುವಷ್ಟರಲ್ಲಿ ವರ್ಡೆಲ್ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಓಡಿಬಂದ. ಅವನ ಹಿಂದೆ ಮಿಸ್ಟರ್ ಗಿಲ್ಲಮ್. ಈಗಲಾದರೂ ಬೈಯುತ್ತಾನೆ, ಇಲ್ಲ ಸುಳ್ಳು ಹೇಳುತ್ತಾನೆ, ಇಲ್ಲ ಕೈ ಮುಗಿಯುತ್ತಾನೆ ಅಂದುಕೊಂಡೆ. ಯಾವುದಾದರೂ ನನಗೆ ಸಾಕಾಗಿತ್ತು.

"ಟೀನ್! ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ ಇದನ್ನೆಲ್ಲ? ತಿರುಗಿಸಿ ನೋಡಬೇಕಂತೆ! ಜನ ಬಿದ್ದುಬಿದ್ದು ನಗ್ತಿದಾರೆ!"

"ಮಂಗಳವಾರ ಅಂಗಡಿಗೆ ಬಾ ತಾಯಿ," ಅಂದರು ಮಿಸ್ಟರ್ ಗಿಲ್ಲಮ್. "ಹೆಂಡ್ತಿ ಜವಾಬು ಅಂತ ಇನ್ನೊಂದು ರೆಕಾರ್ಡ್ ತೆಗೆದುಬಿಡೋಣ."

"ವರ್ಡೆಲ್," ಅಂದೆ, "ಇದು ಆಟ ಅಲ್ಲ. ನಾನು ನಿಜವಾಗ್ಲೂ ಹೋಗ್ತಿದೀನಿ."

"ಹಾಂ, ಅದೇ! ಅದೇ ಧ್ವನಿ!" ಅವನು ಖುಷಿಯಿಂದ ಕಾರಿನ ಚಾವಣಿ ಕುಟ್ಟಿದ. "ಒಂದು ಹನಿ ಕಣ್ಣೀರಿಲ್ದೆ ಹೇಳ್ತೀಯಲ್ಲ, ಅದಕ್ಕೇ ಜನ ಸಾಯ್ತಿರೋದು. ಬೇಗ ಬಾ, ಮುಂದಿನ ಹಾಡಿದೆ."

ಅವರಿಬ್ಬರೂ ಹಿಂದಿರುಗಿ ಹೋದರು. ವೀನಿ ಕಾರು ಹೊರಡಿಸಿದಳು. ಗೇಟಿನ ಹತ್ತಿರ ಬಂದಾಗ ಧ್ವನಿವರ್ಧಕದಲ್ಲಿ ಅವನು ನನ್ನನ್ನು ಕರೆಯುವುದು ಕೇಳಿಸಿತು. "ಎಲ್ಲಿ ನನ್ನ ಹೆಂಡ್ತಿ? ಟೀನ್, ಬಾರೇ, ಎಲ್ರೂ ಕಾಯ್ತಿದಾರೆ!" ಜನ ಚಪ್ಪಾಳೆಯ ಮೇಲೆ ಚಪ್ಪಾಳೆ ತಟ್ಟಿ ನನ್ನ ಹೆಸರು ಕೂಗತೊಡಗಿದರು.

"ನಿಲ್ಲಿಸ್ಲಾ?" ಎಂದು ವೀನಿ ಕೇಳಿದಳು.

ಬೇಡ ಎಂದು ತಲೆ ಆಡಿಸಿದೆ. ಅಷ್ಟು ಹೊತ್ತಿಗೆ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಹಿಂದೆ ಅವನು ಕರೆಯುತ್ತಲೇ ಇದ್ದ.