ಅಳಿಯನ ತಾಟಿನ ಪಾಪ್ಲೆಟ್

ನನ್ನ ಗಂಡನಿಗೆ ನಮ್ಮಪ್ಪನ ಮೀನು ಬೇಡವಾಯಿತು. ತಿಂದು ನೋಡಿ ಬೇಡ ಅಂದಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಮದುವೆಯಾದ ವರ್ಷ ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಎಣ್ಣೆ ಹಚ್ಚಿ ಎರೆದು, ಹಬ್ಬದ ಮರುದಿನ ಕರಿಗೆ ಮೀನೋ ಮಾಂಸವೋ ಮಾಡಿ ಉಣ್ಣಿಸುವುದು ನಮ್ಮ ಕಡೆಯ ಪದ್ಧತಿ. ಭಂಕೂರಿನ ನಮ್ಮಪ್ಪ ಲಾಲಪ್ಪ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ, ಸೂಟಿಯ ದಿನ ಕಾಗಿಣಾ ಹೊಳೆಗೆ ಬಲೆ ಬೀಸುತ್ತಿದ್ದ. ಅಳಿಯನಿಗೆಂದು ಹರಿದ ಬಲೆಯನ್ನೆಲ್ಲ ಕೂತು ಹೊಲಿದಿದ್ದ. ಅಷ್ಟರಲ್ಲಿ ಅಳಿಯನ ಸುದ್ದಿ ಬಂತು. ಹೊಳೆಯ ಮೀನಿನಲ್ಲಿ ಬರೀ ಮುಳ್ಳಂತೆ, ಕೆಸರಿನ ನಾತವಂತೆ. ಕರಿಯ ಊಟ ವಾಡಿಯಲ್ಲಿ, ಸ್ಟೇಷನ್ ಎದುರು ಹೊಸದಾಗಿ ತೆಗೆದ ಹೋಟೆಲಿನಲ್ಲಿ ಆಗಬೇಕಂತೆ. ಅಲ್ಲಿ ಸಮುದ್ರದ ಮೀನು ಸಿಗುತ್ತದಂತೆ.

ಸುದ್ದಿ ತಂದವನು ನನ್ನ ಗಂಡನ ಸೋದರಮಾವ ರಾಮಲಿಂಗ. ಹಬ್ಬಕ್ಕೆಂದು ತವರಿಗೆ ಬಂದಿದ್ದ ನಾನು ಒಲೆಯ ಮುಂದೆ ಕೂತೇ ಎಲ್ಲ ಕೇಳಿಸಿಕೊಂಡೆ. ಮೈ ಉರಿದುಹೋಯಿತು. ನನ್ನ ಗಂಡ ಜಗದೇವಪ್ಪ ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟರ್. ಹುಟ್ಟಿದ್ದೇನು ಬೊಂಬಾಯಿಯಲ್ಲಲ್ಲ, ಚಿತ್ತಾಪುರದ ಆಚೆಯ ಹಳ್ಳಿಯಲ್ಲಿ. ಇದೇ ಹೊಳೆಯ ಮೀನು ತಿಂದೇ ಮೀಸೆ ಬೆಳೆಸಿದ್ದು. ಅಪ್ಪ ಮಾತ್ರ ಬಲೆಯನ್ನು ಮಡಚಿ ಗೂಟಕ್ಕೆ ಹಾಕಿ, ಆಯ್ತ್ರಿ ಅಂದ. ನಮ್ಮಪ್ಪನಿಗೆ ಬರುತ್ತಿದ್ದುದು ಅದೊಂದೇ ಮಾತು. ಗಣಿಯ ಮುಕಾದಮನಿಗೂ ಆಯ್ತ್ರಿ, ಕಿರಾಣಿ ಅಂಗಡಿಯವನಿಗೂ ಆಯ್ತ್ರಿ, ಬೀಗರಿಗಂತೂ ಅವರು ಬಾಯಿ ತೆರೆಯುವ ಮುಂಚೆಯೇ ಆಯ್ತ್ರಿ.

ಕರಿಯ ದಿನ ಅಪ್ಪ, ಅವ್ವ, ನಾನು ಪ್ಯಾಸೆಂಜರ್ ಗಾಡಿ ಹತ್ತಿ ವಾಡಿಗೆ ಹೋದೆವು. ಅಪ್ಪ ಮದುವೆಯ ಧೋತರ ಉಟ್ಟಿದ್ದ. ಅವ್ವ ಸಾಬಮ್ಮನಿಗೆ, ಅಪ್ಪ ನನ್ನ ಹೆಸರು ಹಚ್ಚಿ ಕರೆಯುವ ಯಂಕಿ ಅವ್ವನಿಗೆ, ಹೋಟೆಲ್ ಎಂದರೆ ಜಾತ್ರೆಯಲ್ಲಿ ನಿಂತು ಕುಡಿದ ಚಹಾ, ಅಷ್ಟೇ. ಮೇಜಿನ ಮುಂದೆ ಕೂತು ಉಣ್ಣಲು ಬರುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ನನ್ನನ್ನು ಕೇಳಿದಳು. ನನಗೇನು ಗೊತ್ತು, ನಾನೂ ಕೂತವಳಲ್ಲ.

ಹೋಟೆಲಿನ ಮಾಲೀಕ ಅಬ್ದುಲ್ ಗನಿ ಒಳ್ಳೆಯ ಮನುಷ್ಯ. ಬಾಗಿಲಿಗೇ ಬಂದು ಕರೆದುಕೊಂಡು ಹೋಗಿ ಫ್ಯಾಮಿಲಿ ರೂಮಿನಲ್ಲಿ ಕೂರಿಸಿದ. ಫ್ಯಾಮಿಲಿ ರೂಮು ಅಂದರೆ ಮೂರು ಕಡೆ ಹಲಗೆ, ಒಂದು ಕಡೆ ಹಸಿರು ಪರದೆ, ತಲೆಯ ಮೇಲೆ ಗಡಗಡ ಫ್ಯಾನು. ನನ್ನ ಗಂಡ ಮತ್ತು ರಾಮಲಿಂಗ ಆಗಲೇ ಬಂದು ಕೂತಿದ್ದರು. ಗೋಡೆಯ ಮೇಲೆ ತಿಂಡಿಗಳ ಹೆಸರು ಬರೆದಿದ್ದರು: ಟೊಮ್ಯಾಟೊ ಸೂಪು, ಚಿಲ್ಲಿ ಚಿಕನ್, ಫ್ರೈಡ್ ರೈಸು, ಜಿಂಗಾ ಮಸಾಲಾ, ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ ಪಾಪ್ಲೆಟ್ ಫ್ರೈ. ಮೀನು ಬೊಂಬಾಯಿಯಿಂದ ಮಂಜುಗಡ್ಡೆ ತುಂಬಿದ ಬರ್ಫಿನ ಪೆಟ್ಟಿಗೆಯಲ್ಲಿ ರೈಲಿಗೆ ಬರುತ್ತದೆ ಎಂದು ಗನಿಸಾಬ ಹೇಳಿದ. ಬಂದ ದಿನವೇ ಮುಗಿದು ಹೋಗುತ್ತದಂತೆ. ಅಪ್ಪ ಎಲ್ಲರಿಗೂ ಪಾಪ್ಲೆಟ್ ಹೇಳಿದ. ರಾಮಲಿಂಗ ಅದರ ಜೊತೆಗೆ ಸಿಗಡಿಯ ಜಿಂಗಾ ಮಸಾಲೆಯನ್ನೂ, ಚಿಲ್ಲಿ ಚಿಕನ್ನನ್ನೂ ತಾನೇ ಹೇಳಿದ. ಅಪ್ಪ ಅದಕ್ಕೂ ತಲೆಯಾಡಿಸಿದ.

ಮೊದಲು ಬಂದದ್ದು ಒಂದೇ ತಾಟು. ಅಳಿಯನ ಮುಂದೆ ಇಡು ಎಂದು ಅಪ್ಪ ಕೈ ಮಾಡಿದ. ಅಂಗೈಗಿಂತ ಅಗಲದ ಚಪ್ಪಟೆ ಮೀನು, ಕೆಂಪಗೆ ಹುರಿದದ್ದು, ಸುತ್ತ ಉಳ್ಳಾಗಡ್ಡಿಯ ಬಳೆಗಳು, ಪಕ್ಕದಲ್ಲಿ ನಿಂಬೆಹೋಳು. ವಾಸನೆಗೆ ನನ್ನ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ. ಜಗದೇವಪ್ಪ ತಾಟನ್ನೊಮ್ಮೆ ನೋಡಿದ, ರಾಮಲಿಂಗನನ್ನೊಮ್ಮೆ ನೋಡಿದ, ಎರಡೂ ಕೈ ತೊಡೆಯ ಮೇಲಿಟ್ಟು ಮುಖ ಆ ಕಡೆ ತಿರುಗಿಸಿ ಕೂತ.

ನಮಗೆ ತಿಳಿಯಿತು. ಅಳಿಯ ಮುನಿಸಿಕೊಂಡಿದ್ದ.

ಇದೂ ನಮ್ಮ ಪದ್ಧತಿಯೇ. ಹೊಸ ಅಳಿಯ ಊಟಕ್ಕೆ ಕೂತು ತಾಟು ಮುಟ್ಟುವುದಿಲ್ಲ. ಮಾವ ಏನು ಬೇಕು ಎಂದು ಕೇಳಬೇಕು. ಅಳಿಯ ಬೇಡಬೇಕು, ಮಾವ ಒಪ್ಪಬೇಕು. ಮುಟ್ಟದ ತಾಟಿನ ಮುಂದೆ ಆಡಿದ ಮಾತು ಹಿಂದೆ ತೆಗೆದುಕೊಳ್ಳುವಂತಿಲ್ಲ. ತಾಟಿಗೆ ಕೈ ಬಿದ್ದರೆ ಬೇಡುವುದು ಮುಗಿಯಿತು. ಅಲ್ಲಿಯವರೆಗೆ ಹೆಣ್ಣಿನ ಕಡೆಯವರು ಯಾರೂ ತುತ್ತು ಎತ್ತುವಂತಿಲ್ಲ. ಮನೆಯಲ್ಲಾದರೆ ಇದು ನಗೆಯ ಆಟ. ಹೆಂಗಸರು ಹಾಡು ಕಟ್ಟಿ ಅಳಿಯನ ಕಾಲು ಎಳೆಯುತ್ತಾರೆ. ನಮ್ಮಪ್ಪ ತನ್ನ ಕಾಲದಲ್ಲಿ ಬೇಡಿದ್ದು ಒಂದು ಕಂದೀಲು. ಅದು ಇನ್ನೂ ನಮ್ಮ ಮನೆಯಲ್ಲಿ ಉರಿಯುತ್ತಿತ್ತು. ಜಗದೇವಪ್ಪ ಮದುವೆಯ ಊಟದಲ್ಲಿ ಮುನಿಸಿಕೊಂಡು ಕೈಗಡಿಯಾರ ಕಟ್ಟಿಸಿಕೊಂಡಿದ್ದ. ಅದೇ ಗಡಿಯಾರ ಕಟ್ಟಿಕೊಂಡು ಈಗ ಎರಡನೆಯ ಸಲ ಮುನಿಸಿಕೊಂಡು ಕೂತಿದ್ದ, ನಾಚಿಕೆಗೆಟ್ಟವನು.

ಅಪ್ಪ ಆಟವೆಂದೇ ತಿಳಿದು ನಕ್ಕ. ಏನು ಬೇಕು ಹೇಳ್ರಿ ಎಂದು ಕೇಳಿದ. ಒಂದು ಅಂಗಿಯೋ, ಬೂಟೋ ಕೇಳಿಯಾನು ಎಂದುಕೊಂಡಿರಬೇಕು.

"ರಾಜದೂತ್ ಮೋಟರ್‌ಸೈಕಲ್ ಬೇಕ್ರಿ, ಮಾವಾರ," ಅಂದ ನನ್ನ ಗಂಡ.

ಅಪ್ಪನ ನಗೆ ಮುಖದ ಮೇಲೆ ಹಾಗೆಯೇ ಉಳಿಯಿತು, ತೆಗೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ನಾನು ಎಲ್ಲಿಂದ ತರಲಿ ಎಂದು ಮೆಲ್ಲಗೆ ಕೇಳಿದ. ಅದಕ್ಕೆ ರಾಮಲಿಂಗನ ಹತ್ತಿರ ಉತ್ತರ ತಯಾರಿತ್ತು. ಹೊಳೆದಂಡೆಯ ನಮ್ಮ ಹೊಲದ ಕೆಳಗೆ ಒಳ್ಳೆಯ ಪರಸಿ ಇದೆಯಲ್ಲ, ಗಣಿಯ ಸಾಹುಕಾರ ಕೇಳುತ್ತಲೇ ಇದ್ದಾನಲ್ಲ, ಕೊಟ್ಟರಾಯಿತು ಅಂದ. ಸಾಹುಕಾರನ ಕೂಡ ತಾನೇ ಮಾತಾಡಿ ಬಂದಿರುವುದಾಗಿಯೂ ಹೇಳಿದ. ಆಗ ನನಗೆ ಎಲ್ಲ ತಿಳಿಯಿತು. ಹೊಳೆ ಮೀನಿನ ಮುಳ್ಳೂ ಅಲ್ಲ, ಕೆಸರೂ ಅಲ್ಲ. ಭಂಕೂರಿನಲ್ಲಿ ಹೀಗೆ ಬೇಡಿದ್ದರೆ ನಮ್ಮ ಓಣಿಯ ಹೆಂಗಸರು ಇವರಿಬ್ಬರನ್ನೂ ಒರಳಿಗೆ ಹಾಕಿ ರುಬ್ಬುತ್ತಿದ್ದರು. ಅದಕ್ಕೇ ಈ ಪರದೆ, ಈ ಫ್ಯಾನು, ಈ ಸಮುದ್ರದ ಮೀನು.

ಆ ಹೊಲ ಎರಡೆಕರೆ. ನಾವು ವರ್ಷವಿಡೀ ಉಣ್ಣುವ ಜೋಳ ಅಲ್ಲಿಯೇ ಬೆಳೆಯುತ್ತಿತ್ತು. ಊರವರ ಹೊಲಗಳು ಒಂದೊಂದಾಗಿ ಗಣಿಯಾಗಿ ನೀರು ನಿಂತ ಗುಂಡಿಗಳಾದದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದ, ಕೂಲಿಗೆ ಹೋಗಿ ತಾನೇ ಅಗೆದಿದ್ದ. ತನ್ನ ಹೊಲಕ್ಕೆ ಮಾತ್ರ ಹಾರೆ-ಸಬ್ಬಲು ಬೀಳಗೊಡುವುದಿಲ್ಲ ಎಂದು ಅವ್ವನ ಮುಂದೆ ಹೇಳುತ್ತಿದ್ದ. ಹೇಳುತ್ತಿದ್ದುದು ಅವ್ವನ ಮುಂದೆ ಮಾತ್ರ.

ಪರದೆ ಸರಿಸಿ ಗನಿಸಾಬ ಇಣುಕಿದ. ಯಾರೂ ತಿನ್ನದೆ ಕೂತದ್ದು ಕಂಡು ಅವನಿಗೆ ಗಾಬರಿಯಾಗಿತ್ತು.

"ಮೀನ ಖರಾಬ್ ಆಗ್ಯಾದೇನ್ರಿ? ಬ್ಯಾರೆ ತರ್ತೀನ್ರಿ," ಅಂದ.

ಅವನ ಹಿಂದೆ ಇನ್ನಿಬ್ಬರು ಗಿರಾಕಿಗಳ ತಲೆ ಕಂಡಿತು. ಅಪ್ಪನ ಕಿವಿ ಕೆಂಪಗಾದವು. ನಾಲ್ಕು ಜನರೆದುರು ಮಾನ ಹೋಗುತ್ತದೆ ಎಂದರೆ ನಮ್ಮಪ್ಪ ಜೀವವನ್ನಾದರೂ ಕೊಟ್ಟುಬಿಡುವವನು. ಅವ್ವ ಮೇಜಿನ ಕೆಳಗೆ ನನ್ನ ಮೊಣಕಾಲು ಹಿಸುಕುತ್ತಿದ್ದಳು, ಸುಮ್ಮನಿರು ಅಂತ. ಅಪ್ಪನ ತುಟಿ ಅಲುಗಿತು. ಮೊದಲ ಅಕ್ಷರ ಆ ಎಂದು ಬರುವುದು ನನಗೆ ಕಂಡಿತು.

ನಾನು ಕೈ ಚಾಚಿ ಅಳಿಯನ ತಾಟಿಗೇ ಹಾಕಿದೆ. ಮೀನಿನ ನಡುವಿನಿಂದ ದೊಡ್ಡ ತುಂಡು ಕಿತ್ತು ಬಾಯಿಗಿಟ್ಟುಕೊಂಡೆ. ಬಿಸಿ ಇನ್ನೂ ಆರಿರಲಿಲ್ಲ, ನಾಲಗೆ ಸುಟ್ಟಿತು. ನುಂಗಿಯೇ ಮಾತಾಡಿದೆ.

"ಭೂಮದ ಊಟದಾಗ ನಮ್ಮಿಬ್ಬರ ಕೈ ಒಂದೇ ತಾಟಿನ್ಯಾಗ ಬಿದ್ದಾವ್ರಿ. ನಿಮ್ಮ ತಾಟ ಅಂದ್ರ ನನ್ನ ತಾಟ. ತಾಟ ಮುಟ್ಟೀನಿ, ಬೇಡೋದು ಮುಗೀತು."

ಅದು ನಿಜವೇ. ಮದುವೆಯ ದಿನ ಗಂಡುಹೆಣ್ಣನ್ನು ಒಂದೇ ತಾಟಿನಲ್ಲಿ ಉಣ್ಣಿಸುವ ಭೂಮದ ಊಟಕ್ಕೆ ರಾಮಲಿಂಗನೇ ಹಿರಿಯನಾಗಿ ಕೂತಿದ್ದ. ಜಗದೇವಪ್ಪ ನನ್ನನ್ನು ಎಂಥ ಕಣ್ಣಿನಿಂದ ನೋಡಿದ ಅಂದರೆ, ಮನೆಗೆ ಹೋದ ಮೇಲೆ ನನಗೆ ಏನು ಕಾದಿದೆ ಎಂಬುದು ಅದರಲ್ಲೇ ಬರೆದಿತ್ತು. ಬರೆದಿರಲಿ ಅಂದುಕೊಂಡೆ. ಅವನನ್ನೇ ನೋಡುತ್ತ ಇಡೀ ಮೀನನ್ನು ಮುಗಿಸಿದೆ. ನಡುವೆ ಒಂದು ಎಲುಬು ಬಿಟ್ಟರೆ ಮುಳ್ಳೇ ಇರಲಿಲ್ಲ. ಹೊಲ ಉಳಿಯಿತು ಎಂದು ನಾನು ಉಸಿರು ಬಿಟ್ಟೆ.

ಆಗ ನಮ್ಮಪ್ಪ ಗನಿಸಾಬನ ಕಡೆ ತಿರುಗಿ, ಅಳಿಯಂದಿರಿಗೆ ಇನ್ನೊಂದು ತಾಟು ತರ್ರಿ ಅಂದ.

ನನಗೆ ಬಂದ ಸಿಟ್ಟು ಗಂಡನ ಮೇಲೂ ಅಷ್ಟು ಬಂದಿರಲಿಲ್ಲ. ಹೊಸ ತಾಟು ಎಂದರೆ ಮುಟ್ಟದ ತಾಟು. ನಾನು ಗಂಡನ ಮನೆಯ ಅನ್ನವನ್ನೇ ಪಣಕ್ಕಿಟ್ಟು ಮುಚ್ಚಿದ ಬಾಗಿಲನ್ನು ಈ ಮನುಷ್ಯ ತನ್ನ ಮರ್ಯಾದೆಯ ಚಟಕ್ಕೆ ಮತ್ತೆ ತೆರೆಯುತ್ತಿದ್ದ. ಅಪ್ಪಾ, ನಿನಗೆ ಬುದ್ಧಿ ಇದೆಯೇನು ಎಂದು ಕೂಗಬೇಕೆನಿಸಿತು. ಅವ್ವ ಮತ್ತೆ ನನ್ನ ಮೊಣಕಾಲು ಹಿಸುಕಿದಳು.

ಎರಡನೆಯ ತಾಟು ಬಂತು. ಮೊದಲಿನದಕ್ಕಿಂತ ದೊಡ್ಡ ಮೀನು. ಜಗದೇವಪ್ಪನ ಮುಖ ಅರಳಿತು. ತಾಟನ್ನು ನನ್ನ ಕೈಗೆ ಸಿಗದಂತೆ ಗೋಡೆಯ ಕಡೆ ಸರಿಸಿಕೊಂಡು, ಮತ್ತೆ ಎರಡೂ ಕೈ ತೊಡೆಯ ಮೇಲಿಟ್ಟ.

"ಈಗ ಹೇಳ್ರಿ ಮಾವಾರ."

ಅಪ್ಪ ಎದ್ದು ನಿಂತು, ಮೇಜಿನ ಮೇಲೆ ಬಾಗಿ, ಕಲ್ಲು ಎಬ್ಬಿಸಿ ಒಡೆದ ಆ ಕೈಗಳಿಂದ ಅಳಿಯನ ಮುಂದಿನ ತಾಟನ್ನು ಎಳೆದು ತಂದು ಅವ್ವನ ಮುಂದೆ ಇಟ್ಟ. ಹುಟ್ಟಿದಾಗಿನಿಂದ ನಾನು ನೋಡಿದ್ದು, ಮೀನಿನ ನಡುವಿನ ತುಂಡು ಗಂಡಸರಿಗೆ, ಬಾಲ ಮಕ್ಕಳಿಗೆ, ಎಲ್ಲರದೂ ಆದ ಮೇಲೆ ಗಡಿಗೆಯ ತಳದ ಸಾರು ಅವ್ವನಿಗೆ.

"ಏ ಯಂಕಿ ಅವ್ವ, ನೀ ತಿನ್ನು," ಅಂದ ಅಪ್ಪ. "ನಡುವಿಂದ ತಿನ್ನು. ಹೊಲ ಕೊಡಂಗಿಲ್ಲ."

ಮುಟ್ಟದ ತಾಟಿನ ಮುಂದೆ ಆಡಿದ ಮಾತು ಅದು, ಹಿಂದೆ ಹೋಗುವಂತಿರಲಿಲ್ಲ. ರಾಮಲಿಂಗ ಕುರ್ಚಿ ಹಿಂದೆ ತಳ್ಳಿ ಎದ್ದ. ಇದು ಬೀಗರಿಗೆ ಮಾಡುವ ಅವಮಾನ, ನಾಳೆ ನಿಮ್ಮ ಮಗಳು ನಿಮ್ಮ ಬಾಗಿಲಿಗೇ ಬರುತ್ತಾಳೆ ಅಂದ. ಬಂದರೆ ಬರಲಿ, ಆ ಹೊಲದಲ್ಲಿ ಅವಳಿಗೂ ಜೋಳ ಬೆಳೆಯುತ್ತದೆ ಎಂದು ಅಪ್ಪ ತನ್ನ ಕುರ್ಚಿಯಲ್ಲಿ ಮತ್ತೆ ಕೂರುತ್ತ ಹೇಳಿದ. ರಾಮಲಿಂಗ ಪರದೆ ಕಿತ್ತುಬರುವಂತೆ ಸರಿಸಿಕೊಂಡು ಹೊರಟುಹೋದ. ಜಗದೇವಪ್ಪ ಮಾತ್ರ ಹೋಗಲೋ ಇರಲೋ ತಿಳಿಯದೆ, ಕೈ ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದ. ಏನು ಬೇಕು ಎಂದು ಅವನನ್ನು ಈಗ ಯಾರೂ ಕೇಳಲಿಲ್ಲ.

ಅವ್ವ ಅಪ್ಪನ ಮುಖ ನೋಡಿದಳು, ಅಳಿಯನ ಮುಖ ನೋಡಿದಳು. ಸೆರಗು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ನನ್ನ ಮೊಣಕಾಲು ಬಿಟ್ಟ ಕೈಯಿಂದ ಮೀನಿನ ನಡುವಿನ ತುಂಡನ್ನು ಮುರಿದು ಬಾಯಿಗಿಟ್ಟು, ಯಾವ ಅವಸರವೂ ಇಲ್ಲದೆ ಅಗಿದಳು. ನಾವೆಲ್ಲ ಅವಳನ್ನೇ ನೋಡುತ್ತಿದ್ದೆವು.

"ಸಮುದ್ರದ ಮೀನ ಅಂತಾರ," ಅಂದಳು. "ಉಪ್ಪ ಕಮ್ಮಿ ಅದ."